ಬೆಳೆದವರ ಆಯ್ಕೆಯೋ, ಆಟದಿಂದ ಬೆಳವಣಿಗೆಯೋ

ನಿಯಮ, ತಂಡ, ತರಬೇತಿ ಮತ್ತು ಪಂದ್ಯಗಳ ಚೌಕಟ್ಟಿನಲ್ಲಿ ನಡೆಯುವ ಆಟವನ್ನು ಸಂಘಟಿತ ಕ್ರೀಡೆ ಎನ್ನುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಹುಪಾಲು ಬಾಲಕರಿಗೆ ಅದು ಒದಗುವುದು ಹೋಬಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಏರುವ ಶಾಲಾ ಕ್ರೀಡಾಕೂಟಗಳ ಕಬಡ್ಡಿ, ಖೊಖೊ, ವಾಲಿಬಾಲ್‌ಗಳ ಮೂಲಕ. ಗೆದ್ದ ತಂಡದ ಹುಡುಗರು ಎತ್ತರವಾಗಿ, ಗಟ್ಟಿಮುಟ್ಟಾಗಿ ಕಾಣುವುದರಿಂದ ಆಟವೇ ಅವರನ್ನು ಹಾಗೆ ಬೆಳೆಸಿತೆಂದು ನಂಬುವುದು ಸಹಜ. ಆದರೆ ಈ ನಂಬಿಕೆ ಅರ್ಧ ಮಾತ್ರ ನಿಜ.

ಬಾಲಕರ ಎತ್ತರ ಅತಿ ವೇಗವಾಗಿ ಏರುವ ಘಟ್ಟ ಸರಾಸರಿ 13–14ನೇ ವಯಸ್ಸಿನಲ್ಲಿ ಬರುತ್ತದೆಯಾದರೂ ಒಬ್ಬನಿಗೆ 12ಕ್ಕೇ ಬಂದದ್ದು ಮತ್ತೊಬ್ಬನಿಗೆ 15ಕ್ಕೆ ಬರಬಹುದು. ದೇಹ ಎಷ್ಟು ಬೆಳೆದಿದೆ ಎಂಬುದನ್ನು ಎಲುಬಿನ ಪಕ್ವತೆಯಂಥ ಗುರುತುಗಳಿಂದ ಅಳೆದು ಹೇಳುವ ವಯಸ್ಸಿಗೆ ಜೈವಿಕ ವಯಸ್ಸು ಎಂದು ಹೆಸರು. 14 ವರ್ಷದೊಳಗಿನವರ ವಿಭಾಗದಲ್ಲಿ ಜನ್ಮದಿನಾಂಕ ಒಂದೇ ಆಗಿದ್ದರೂ ಜೈವಿಕ ವಯಸ್ಸು ಬೇರೆಯಾಗಿರುವ ಹುಡುಗರು ಎದುರುಬದುರಾಗುತ್ತಾರೆ, ಮತ್ತು ತಂಡ ಆರಿಸುವ ಕಣ್ಣು ಬೇಗ ಬೆಳೆದವನ ಮೇಲೆಯೇ ಬೀಳುತ್ತದೆ. ಎತ್ತರವನ್ನು ಮುಖ್ಯವಾಗಿ ನಿರ್ಧರಿಸುವುದು ವಂಶವಾಹಿ ಮತ್ತು ಪೋಷಣೆ. ವಾಲಿಬಾಲ್ ಆಡಿದ್ದರಿಂದ ಯಾರೂ ಎತ್ತರವಾಗುವುದಿಲ್ಲ, ಎತ್ತರವಿದ್ದವನು ವಾಲಿಬಾಲ್ ತಂಡ ಸೇರುತ್ತಾನೆ.

ಆಟ ನಿಜವಾಗಿ ಕೊಡುವ ಫಲ ಬೇರೆಡೆ ಇದೆ. ನೆಗೆತ, ಹಠಾತ್ ನಿಲುಗಡೆ, ದಿಕ್ಕು ಬದಲಾವಣೆಗಳ ಹೊರೆ ಬಿದ್ದಾಗ ಬೆಳೆಯುವ ಎಲುಬು ಹೆಚ್ಚು ಖನಿಜ ಕೂಡಿಸಿಕೊಂಡು ಗಟ್ಟಿಯಾಗುತ್ತದೆ. ಟೆನಿಸ್ ಆಟಗಾರರ ಆಡುವ ಕೈಯ ಎಲುಬು ಇನ್ನೊಂದು ಕೈಯದಕ್ಕಿಂತ ದಪ್ಪವಾಗಿರುವುದು ಇದಕ್ಕೆ ಸಾಕ್ಷಿ. ಅದಕ್ಕಿಂತಲೂ ಹಿರಿದಾದುದು ಚಾಲನಾ ಕೌಶಲ, ಅಂದರೆ ಕಣ್ಣು, ನರ, ಸ್ನಾಯುಗಳು ಹೊಂದಿಕೊಂಡು ದೇಹವನ್ನು ನಿಖರವಾಗಿ ಚಲಿಸುವಂತೆ ಮಾಡುವ ಶಕ್ತಿ. ಕಬಡ್ಡಿಯಲ್ಲಿ ದಾಳಿಗೆ ಹೋದವನು 30 ಸೆಕೆಂಡುಗಳೊಳಗೆ, ಒಂದೇ ಉಸಿರಿನಲ್ಲಿ ‘ಕಬಡ್ಡಿ’ ಎನ್ನುತ್ತಲೇ, 7 ಮಂದಿಯ ಹೆಜ್ಜೆಗಳನ್ನು ಗಮನಿಸಿ, ಮುಟ್ಟಿ, ತಪ್ಪಿಸಿಕೊಂಡು ಹಿಂದಿರುಗಬೇಕು. ಖೊಖೊದಲ್ಲಿ ಕುಳಿತವನು ಒಂದು ಕೂಗಿಗೆ ಎದ್ದು ಓಡಬೇಕು. ಕಬ್ಬಿನ ಹೊರೆ ಹೊತ್ತು ಬೆಳೆದ ಹುಡುಗನಲ್ಲಿ ಬಲಕ್ಕೆ ಕೊರತೆಯಿಲ್ಲ, ಆದರೆ ಗದ್ದೆಗೆಲಸ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸುತ್ತದೆ. ಇಂಥ ವೈವಿಧ್ಯವನ್ನು ಅದು ಕಲಿಸಲಾರದು.

ಓಟ, ನೆಗೆತ, ಎಸೆತ, ಹಿಡಿತಗಳೆಂಬ ಮೂಲ ಚಲನೆಗಳಿಗೆ ತಳಹದಿ ಬೀಳುವುದು ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ. ಆ ಹಂತದಲ್ಲಿ ಲಗೋರಿ, ಚಿನ್ನಿದಾಂಡು, ಮರಕೋತಿಗಳು ಮಾಡುತ್ತಿದ್ದ ಕೆಲಸವನ್ನು ಇಂದು ಶಾಲೆ ವಹಿಸಿಕೊಳ್ಳಬೇಕಿದೆ. ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪ್ರತ್ಯೇಕ ದೈಹಿಕ ಶಿಕ್ಷಣ ಶಿಕ್ಷಕರು ಸಾಮಾನ್ಯವಾಗಿ ಇರುವುದಿಲ್ಲವೆಂಬುದು ಗಂಭೀರ ಲೋಪ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷಗಳ, ಮಧ್ಯಮದಿಂದ ತೀವ್ರ ಮಟ್ಟದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಎಲ್ಲ ಮಕ್ಕಳನ್ನು ಕುರಿತೇ ಹೊರತು ತಂಡಕ್ಕೆ ಆಯ್ಕೆಯಾದವರನ್ನು ಮಾತ್ರ ಕುರಿತಲ್ಲ. ಗೆಲುವೇ ಗುರಿಯಾದಲ್ಲಿ ಬೇರೆ ಅಪಾಯಗಳೂ ಇವೆ: ವೇಗವಾಗಿ ಬೆಳೆಯುತ್ತಿರುವ ಮೊಣಕಾಲಿನ ಕೆಳಗೆ ಅತಿಯಾದ ನೆಗೆತದಿಂದ ನೋವು ಕಾಣಿಸಿಕೊಳ್ಳುತ್ತದೆ, ಕಬಡ್ಡಿಯ ತೂಕದ ಮಿತಿಗಾಗಿ ಊಟ ಬಿಡುವ ಹುಡುಗ ಬೆಳವಣಿಗೆಗೆ ಬೇಕಾದ ಆಹಾರವನ್ನೇ ಕಳೆದುಕೊಳ್ಳುತ್ತಾನೆ.

ತಡವಾಗಿ ಬೆಳೆಯುವ ಹುಡುಗನ ಎತ್ತರ ಹದಿನೇಳು ಹದಿನೆಂಟರ ವೇಳೆಗೆ ಉಳಿದವರ ಸಮಕ್ಕೆ ಬರುತ್ತದೆ. ಆದರೆ 13ರಲ್ಲಿ ಕುಳ್ಳನೆಂದು ಮೈದಾನದಿಂದ ಹೊರಗುಳಿದವನು ಅಷ್ಟರಲ್ಲಿ ನಾಲ್ಕು ವರ್ಷಗಳ ಅಭ್ಯಾಸ ಕಳೆದುಕೊಂಡಿರುತ್ತಾನೆ, ಅವನನ್ನು ಮತ್ತೆ ಅಂಕಣಕ್ಕೆ ಕರೆಯುವವರೂ ಇರುವುದಿಲ್ಲ.