ಕೋವಿಗೆ ತೆಂಗಿನೆಣ್ಣೆ ಬೇಡ

ತೆಂಗಿನೆಣ್ಣೆ ತಲೆಗೆ ಒಳ್ಳೆಯದು, ಒಗ್ಗರಣೆಗೆ ಒಳ್ಳೆಯದು, ಬಾಣಂತಿಗೆ, ಮಗುವಿನ ಮೈಗೆ ಎಲ್ಲಕ್ಕೂ ಒಳ್ಳೆಯದು. ಕೋವಿಗೆ ಮಾತ್ರ ಆಗುವುದಿಲ್ಲ. ಇದನ್ನು ನಾನು ಪೂಜೆ, ಉಪನಯನ, ಬೊಜ್ಜ ಅಂತ ಹೋದಲ್ಲೆಲ್ಲ ಹೇಳ್ತಾ ಬಂದಿದ್ದೇನೆ. ಯಾರೂ ಒಪ್ಪುವುದಿಲ್ಲ. ಮೊನ್ನೆ ನಮ್ಮ ದೊಡ್ಡತ್ತೆ ಪಾಯಸದ ಸೌಟು ಹಿಡಿದುಕೊಂಡೇ ಕೇಳಿದರು, "ತೆಂಗಿನೆಣ್ಣೆಂದ ಒಳ್ಳೆದು ಬೇರೆ ಎಂತ ಇದ್ದು ಕೂಸೆ?" ಅಂತ. ಪಂಕ್ತಿಯಲ್ಲಿ ನಿಂತು ಉತ್ತರ ಹೇಳಿ ಮುಗಿಯುವಂಥದ್ದಲ್ಲ, ಬರೆದೇ ಬಿಡುವ ಅಂತ ಕೂತೆ.

ಕೋವಿಯ ಸುದ್ದಿ ಹೆಂಗಸರಿಗೆ ಎಂತಕ್ಕೆ ಅಂತ ಕೇಳುವವರು ಇದ್ದಾರೆ. ಲೈಸೆನ್ಸ್ ಗಂಡಸರ ಹೆಸರಿನಲ್ಲಿ, ಸರಿ. ಆದರೆ ಒರೆಸುವ ದಿನ ಜಗಲಿಯಿಂದ ಏನು ಕೂಗು ಬರ್ತದೆ? "ಒಂದು ಹಳೇ ಬಟ್ಟೆ ಕೊಡು, ಸ್ವಲ್ಪ ಎಣ್ಣೆ ಕೊಡು." ಕೇಳಿದ ಕೂಡಲೇ ಒಳಗಿನವಳು ಕೈಗೆ ಸಿಕ್ಕಿದ ಎಣ್ಣೆ ಕೊಡ್ತಾಳೆ. ಅಲ್ಲಿಗೆ ಕೋವಿಯ ಎಣ್ಣೆ ಯಾವುದು ಅಂತ ತೀರ್ಮಾನ ಮಾಡಿದವಳು ಅವಳೇ ಆಯ್ತಲ್ಲ! ಹಾಗಾಗಿ ತಿಳಿದುಕೊಂಡು ಕೊಡುವುದು ಒಳ್ಳೆಯದು.

ತೆಂಗಿನೆಣ್ಣೆ ಯಾಕೆ ಬೇಡ ಅಂತ ನೋಡಲು ಕೋವಿಯ ಹತ್ತಿರ ಹೋಗಬೇಕೆಂದೇ ಇಲ್ಲ. ಧನುರ್ಮಾಸದ ಬೆಳಿಗ್ಗೆ ಬಚ್ಚಲಿನ ಎಣ್ಣೆ ಬಾಟಲಿ ನೋಡಿ. ಹೆಪ್ಪುಗಟ್ಟಿ ಬೆಳ್ಳಗೆ ಕೂತಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಗಟ್ಟಿಯೇ. ಕೋವಿಯ ಒಳಗಿನ ಸ್ಪ್ರಿಂಗಿನಲ್ಲೂ ಹಾಗೆಯೇ ಕೂರುತ್ತದೆ. ಇನ್ನು ಒಲೆಯ ಪಕ್ಕದ ಗೋಡೆ, ಬಾಣಲೆಯ ಅಂಚು, ದೇವರ ಕೋಣೆಯ ಕಾಲುದೀಪದ ಬುಡ ನೋಡಿ. ಕಂದು ಬಣ್ಣದ ಜಿಗುಟು, ಉಗುರಲ್ಲಿ ಕೆರೆದರೂ ಬಿಡದ್ದು. ಅಡುಗೆಯ ಎಣ್ಣೆ ಯಾವುದೇ ಇರಲಿ, ಗಾಳಿಗೆ ಬಿಟ್ಟು ವರ್ಷಗಟ್ಟಲೆ ಇಟ್ಟರೆ ಕಡೆಗೆ ಕನಟುತ್ತದೆ, ಹುಳಿಯಾಗುತ್ತದೆ, ಅಂಟಾಗುತ್ತದೆ. ಎಳ್ಳೆಣ್ಣೆ ಇನ್ನೂ ಬೇಗ. ಹುಳಿಯಾದ ಎಣ್ಣೆ ಕಬ್ಬಿಣವನ್ನು ತಿನ್ನುತ್ತದೆ.

ಇದು ಬರೀ ಚಂದದ ಪ್ರಶ್ನೆ ಆಗಿದ್ದರೆ ನಾನು ಇಷ್ಟು ಬೊಬ್ಬೆ ಹಾಕ್ತಿರಲಿಲ್ಲ. ನಮ್ಮ ಆಚೆಮನೆಯ ಬಾವ ಎರಡು ವರ್ಷದ ಹಿಂದೆ ಮಂಗನ ಹಿಂಡು ಓಡಿಸಲು ಗಾಳಿಗೆ ಒಂದು ಈಡು ಬಿಡುವ ಅಂತ ಕೋವಿ ಎತ್ತಿದರು. ಟ್ರಿಗರ್ ಎಳೆದರೆ ಟಿಕ್ ಅಂದಿತು, ಅಷ್ಟೇ. "ಎಂತ ಆತಪ್ಪಾ" ಅಂತ ಕೋವಿಯನ್ನು ಮುರಿದು ಬಗ್ಗಿ ನೋಡ ಹೊರಟಾಗ ಅವರ ಅಪ್ಪ ಹಿಂದಿನಿಂದ ಗದರಿದರು, "ಮುಟ್ಟೆಡ! ಮೇಲೆಯೇ ಹಿಡ್ಕೊ!" ಮುದುಕರಿಗೆ ಗೊತ್ತಿತ್ತು. ಸದ್ದಾಗದ ತೋಟೆ ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ. ಅರ್ಧ ನಿಮಿಷವಾದರೂ ಜನ ಇಲ್ಲದ ಕಡೆಗೆ ಹಿಡಿದು ನಿಲ್ಲಬೇಕು, ಆಮೇಲೆ ತೆರೆಯಬೇಕು. ಅವತ್ತು ಏನೂ ಆಗಲಿಲ್ಲ. ಕೋವಿ ರಿಪೇರಿಯವರು ಬಿಚ್ಚಿದಾಗ ತೋಟೆಯ ಬುಡಕ್ಕೆ ಹೊಡೆಯುವ ಸೂಜಿ ಇರುತ್ತದಲ್ಲ, ಅದರ ತೂತಿನ ತುಂಬ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಅಂಟು. ಅತ್ತಿಗೆ ವರ್ಷ ವರ್ಷ ಭಕ್ತಿಯಿಂದ ಕೊಟ್ಟ ತೆಂಗಿನೆಣ್ಣೆ! ಸೂಜಿ ಮುಂದೆ ಹೋಗಿತ್ತು, ಆದರೆ ಮೆಲ್ಲ ಹೋಗಿತ್ತು.

ಹಾಗಾದರೆ ಯಾವುದು? ನನ್ನನ್ನು ಕೇಳಿದರೆ ನಮ್ಮ ಹೊಲಿಗೆ ಮಿಷನ್ನಿನ ಎಣ್ಣೆ. ನೀರಿನ ಹಾಗೆ ತಿಳಿ, ವಾಸನೆ ಇಲ್ಲ, ಭೂಮಿಯಿಂದ ತೆಗೆದ ಎಣ್ಣೆಯಾದ್ದರಿಂದ ಕನಟುವ ಪ್ರಶ್ನೆಯೇ ಇಲ್ಲ. ಸೂಜಿ, ಸ್ಪ್ರಿಂಗು, ಚಿಲಕಗಳಿಗೆ ಒಂದೊಂದು ಹನಿ ಸಾಕು. ಕೋವಿ ಅಂಗಡಿಯ ಎಣ್ಣೆ ಸಿಕ್ಕಿದರೆ ಧಾರಾಳವಾಗಿ ತನ್ನಿ, ಬೇಡ ಅನ್ನುವುದಿಲ್ಲ. ಸಿಗದಿದ್ದರೆ ಇದರಲ್ಲಿ ಕೊರತೆ ಏನಿಲ್ಲ. ಇದರ ದೋಷ ಒಂದೇ, ತೆಳು. ನಿಲ್ಲಿಸಿಟ್ಟ ಕೋವಿಯಿಂದ ಇಳಿದು ಹೋಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಸುರಿಯುವ ನಮ್ಮ ಊರಿನಲ್ಲಿ ಆಟಿ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಪಟ್ಟೆ ಸೀರೆಗೂ ಬೂಷ್ಟು ಹಿಡಿಯುವಾಗ ಈ ತೆಳು ಎಣ್ಣೆ ಎಷ್ಟು ದಿನ ತಡೆದೀತು? ಹದಿನೈದು ದಿನಕ್ಕೊಮ್ಮೆ ಒರೆಸಿ ಪುನಃ ಹಚ್ಚಬೇಕು. ಅದು ಆಗದವರು ಮಳೆಗಾಲಕ್ಕೆ ಮುಂಚೆ ನಳಿಗೆಯ ಒಳಗೂ ಹೊರಗೂ ಬೈಕಿಗೆ ಹಾಕುವ ಹೊಸ ಇಂಜಿನ್ ಆಯಿಲನ್ನು ತೆಳುವಾಗಿ ಸವರಿ ಇಡಿ. ಮಂದ ಇರುವುದರಿಂದ ನಿಲ್ಲುತ್ತದೆ. ಹೊಸತು ಅಂದೆ, ನೆನಪಿರಲಿ. ಟಿಲ್ಲರಿನಿಂದ ಇಳಿಸಿದ ಕಪ್ಪು ಆಯಿಲ್ ಡಬ್ಬಿಯಲ್ಲಿ ಉಂಟಲ್ಲ, ದಂಡ ಯಾಕೆ ಅಂತ ಅದನ್ನು ಹಚ್ಚುವ ಮಹಾತ್ಮರು ಇದ್ದಾರೆ. ಅದರಲ್ಲಿ ಮಸಿಯೂ ಉಂಟು, ಹುಳಿಯೂ ಉಂಟು. ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ ಹಚ್ಚುವವರು ಹಚ್ಚಿಕೊಳ್ಳಲಿ, ಕೋವಿಗೆ ಬೇಡ.

ಮಕ್ಕಳೆಲ್ಲ ಹೇಳುವುದು ನೀಲಿ-ಹಳದಿ ಡಬ್ಬಿಯ ಸ್ಪ್ರೇ, ಡಬ್ಲ್ಯುಡಿ-40. 1953ರಲ್ಲಿ ಅಮೆರಿಕದಲ್ಲಿ ಅದನ್ನು ಕಂಡುಹಿಡಿದದ್ದೇ ಲೋಹದ ಮೇಲಿನ ನೀರನ್ನು ಓಡಿಸಲಿಕ್ಕೆ. ನಲವತ್ತನೆಯ ಪ್ರಯತ್ನದಲ್ಲಿ ಸರಿಯಾಯಿತಂತೆ, ಅದಕ್ಕೇ ಆ ಹೆಸರು. ಒದ್ದೆಯಾದ ಕೋವಿಗೆ ಮೊದಲ ಚಿಕಿತ್ಸೆಗೆ ಬಹಳ ಒಳ್ಳೆಯದು. ಆದರೆ ಅದರ ಹೆಚ್ಚಿನ ಪಾಲು ಆರಿಹೋಗುವ ದ್ರಾವಕ, ಉಳಿಯುವ ಎಣ್ಣೆ ಸ್ವಲ್ಪ. ಅದನ್ನೊಂದೇ ಹೊಡೆದು ಮಳೆಗಾಲಕ್ಕೆ ಇಟ್ಟರೆ ಸಾಲದು. ಸೀಮೆಎಣ್ಣೆಯೂ ಹಾಗೆಯೇ, ತೊಳೆಯಲಿಕ್ಕೆ ಮಾತ್ರ. ಕೊಳೆ ಬಿಡಿಸಿ ಕಬ್ಬಿಣವನ್ನು ಬೆತ್ತಲೆ ಮಾಡಿ ಹೋಗುತ್ತದೆ. ಅದರ ಮೇಲೆ ಎಣ್ಣೆ ಬೀಳಲೇಬೇಕು.

ಎಣ್ಣೆ ಎಷ್ಟು ಅಂತಲೂ ಹೇಳಬೇಕು, ಯಾಕೆಂದರೆ ನಮ್ಮ ಕೈ ಉದಾರ. ದೋಸೆ ಕಾವಲಿಗೆ ಬಾಳೆದಂಟಿನ ತುಂಡಿನಲ್ಲಿ ಸವರಿದಷ್ಟು ಸಾಕು. ನಳಿಗೆಯಲ್ಲಿ ಎಣ್ಣೆ ನಿಂತಿರುವಾಗ ಈಡು ಬಿಟ್ಟರೆ ಒಳಗಿನ ಒತ್ತಡ ಏರುತ್ತದೆ, ನಳಿಗೆ ಉಬ್ಬಿದರೂ ಉಬ್ಬಿತು. ತೋಟೆಯ ಬುಡಕ್ಕೆ ಎಣ್ಣೆ ಇಳಿದರೆ ಮದ್ದು ಕೆಟ್ಟು ಟುಸ್. ಹಾಗಾಗಿ ಇಡುವಾಗ ಹಚ್ಚಿದ್ದನ್ನು ತೆಗೆಯುವಾಗ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿಯೇ ಬಳಸಬೇಕು. ಕಪಾಟಿನಲ್ಲಿ ಬಾಯಿ ಕೆಳಗೆ ಮಾಡಿ ಇಟ್ಟರೆ ಎಣ್ಣೆ ಮರದ ಹಿಡಿಗೆ ಇಳಿದು ಅದನ್ನು ಮೆದು ಮಾಡುವುದಿಲ್ಲ. ರೆಕ್ಸಿನ್ ಚೀಲದೊಳಗೆ ಹಾಕಿ ಜಿಪ್ ಎಳೆದು ಇಡಬೇಡಿ, ಅದು ಬೆವರುತ್ತದೆ.

ಹಳೇ ಕೇಪಿನ ಕೋವಿ ಇರುವ ಮನೆಗಳಿಗೆ ಮಾತ್ರ ಬೇರೆ ಶಾಸ್ತ್ರ. ಕಪ್ಪು ಮಸಿ ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಸುಟ್ಟ ಮೇಲೆ ಉಳಿಯುವುದರಲ್ಲಿ ಹೆಚ್ಚಿನದ್ದು ಉಪ್ಪಿನಂಥದ್ದು, ಗಾಳಿಯ ತೇವ ಎಳೆದುಕೊಂಡು ಒಂದೆರಡು ದಿನದೊಳಗೆ ತುಕ್ಕು ಹುಟ್ಟಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುತ್ತದಾ? ಉಪ್ಪಿನಕಾಯಿ ಹಾಕಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಸಿನೀರು, ಸ್ವಲ್ಪ ಸೋಪು, ಗಜದ ತುದಿಗೆ ಹಳೇ ಪಂಚೆಯ ತುಂಡು, ಕಪ್ಪು ಹೋಗುವ ತನಕ ತಿಕ್ಕಬೇಕು. ನೀರು ಚೆನ್ನಾಗಿ ಬಿಸಿ ಇದ್ದರೆ ನಳಿಗೆ ತಾನೇ ಒಣಗುತ್ತದೆ. ಆಮೇಲೆ ಎಣ್ಣೆ.

ಈಗ ಮನೆ ಮನೆಗೆ ಬಂದಿರುವುದು ಲೈಸೆನ್ಸ್ ಬೇಡದ ಸಣ್ಣ ಏರ್‌ರೈಫಲ್. ಅದನ್ನು ಆಟದ ಸಾಮಾನು ಅಂದುಕೊಂಡು ಮಿಷನ್ ಎಣ್ಣೆಯನ್ನು ಗಾಳಿಯ ತೂತಿಗೇ ಬಿಡಬೇಡಿ. ಸ್ಪ್ರಿಂಗ್ ಗಾಳಿಯನ್ನು ಒಮ್ಮೆಲೇ ಒತ್ತಿದಾಗ ಅಲ್ಲಿ ಹುಟ್ಟುವ ಬಿಸಿಗೆ ಡೀಸೆಲ್ ಇಂಜಿನ್ನಿನ ಹಾಗೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಢಂ ಅಂತ ದೊಡ್ಡ ಸದ್ದು, ಬಾಯಲ್ಲಿ ಹೊಗೆ. ಹುಡುಗರಿಗೆ ಖುಷಿ, ಒಳಗಿನ ವಾಷರ್ ಹಾಳು. ಅಲ್ಲಿಗೆ ಬೇಕಾದ್ದು ಸಿಲಿಕೋನ್ ಎಣ್ಣೆ, ಅದೂ ಅಪರೂಪಕ್ಕೆ ಒಂದು ಹನಿ. ಹೊರಗಿನ ಕೀಲಿಗೆ ಮಿಷನ್ ಎಣ್ಣೆ ಆದೀತು.

ರೈಫಲಿನ ಎಣ್ಣೆ ಅಂದರೆ ಸಣ್ಣ ವಿಷಯ ಅಂತ ನಗುವವರಿಗೆ 1857 ನೆನಪು ಮಾಡುವ ಅಂತ ಕಾಣ್ತದೆ. ಎನ್‌ಫೀಲ್ಡ್ ರೈಫಲಿನ ನಳಿಗೆಯೊಳಗೆ ಗುಂಡು ನಯವಾಗಿ ಇಳಿಯಲಿ ಅಂತ ತೋಟೆಯ ಕಾಗದಕ್ಕೆ ಜಿಡ್ಡು ಸವರುತ್ತಿದ್ದರು. ಹಲ್ಲಿನಲ್ಲಿ ಕಚ್ಚಿ ಹರಿಯಬೇಕಾದ ಕಾಗದ ಅದು. ಜಿಡ್ಡು ದನದ್ದು, ಹಂದಿಯದ್ದು ಅಂತ ಸುದ್ದಿ ಹಬ್ಬಿತು. ಸಿಪಾಯಿಗಳು ತಮಗೆ ಬೇಕಾದ್ದನ್ನು ಹಚ್ಚಿಕೊಳ್ಳಬಹುದು ಅಂತ ಜನವರಿಯಲ್ಲೇ ಆದೇಶ ಬಂದರೂ ನಂಬಿಕೆ ಆಗಲೇ ಹೋಗಿತ್ತು. ಮೀರತ್ತಿನಲ್ಲಿ 90 ಮಂದಿಯ ಪೈಕಿ 85 ಮಂದಿ ತೋಟೆ ಮುಟ್ಟಲಿಲ್ಲ. ಮುಂದಿನದ್ದು ಗೊತ್ತೇ ಉಂಟು. ಆ ಗಲಾಟೆಯಿಂದಲೇ ಜನರ ಆಯುಧ ಕಸಿಯುವ ಕಾನೂನು ಬಂತು, ನಮ್ಮ ಹಲಗಲಿಯ ಬೇಡರು ಅದೇ ವರ್ಷ ನವೆಂಬರಿನಲ್ಲಿ ಅದಕ್ಕೆ ಎದುರು ನಿಂತರು. ಯಾವ ಜಿಡ್ಡು ಅಂತ ಮೊದಲೇ ಯಾರಾದರೂ ಸರಿಯಾಗಿ ಯೋಚಿಸಿದ್ದರೆ!

ಹಬ್ಬದ ದಿನಗಳು ಕೋವಿಗೆ ಕಷ್ಟದ ದಿನಗಳು. ಆಯುಧಪೂಜೆಗೆ ನೀರು ಚಿಮುಕಿಸಿ, ಗಂಧ, ಅರಿಶಿನ, ಕುಂಕುಮ, ಮೇಲೆ ಒದ್ದೆ ಹೂ. ಕೊಡಗಿನಲ್ಲಿ ನನ್ನ ತಂಗಿಯ ಮನೆಯ ಹತ್ತಿರ ಸೆಪ್ಟೆಂಬರಿನ ಕೈಲ್‌ಪೊಳ್ದ್ ದಿನ ಕೋವಿಯ ಬಾಯಿಗೆ ತೋಕ್‌ಪೂ ಸಿಕ್ಕಿಸುತ್ತಾರೆ, ನೋಡಲಿಕ್ಕೆ ಎಷ್ಟು ಚಂದ! ಆದರೆ ಅವರು ಹೂ ತೆಗೆದು ಒರೆಸುವುದನ್ನೂ ಮರೆಯುವುದಿಲ್ಲ. ನಮ್ಮಲ್ಲಿ ವಿಜಯದಶಮಿ ಕಳೆದು ದೀಪಾವಳಿ ಬಂದರೂ ಗಂಧದ ಬೊಟ್ಟು ಹಾಗೆಯೇ, ಅದರಡಿಯಲ್ಲಿ ರೂಪಾಯಿ ಅಗಲದ ತುಕ್ಕು. ತುಕ್ಕು ಕಂಡ ಮೇಲೆ ಒಲೆಬೂದಿ, ಹುಣಸೆಹುಳಿ ತರುವುದು ಇನ್ನೊಂದು. ಹಿತ್ತಾಳೆ ಗಿಂಡಿಗೆ ಹುಳಿ ಸರಿ. ನಳಿಗೆಯ ಕಪ್ಪು-ನೀಲಿ ಬಣ್ಣ ಪೈಂಟ್ ಅಲ್ಲ, ಕಬ್ಬಿಣದ್ದೇ ತೆಳು ಪದರ, ಹುಳಿ ತಾಗಿದರೆ ಕರಗಿ ಹೋಗುತ್ತದೆ. ಎಣ್ಣೆ ಹಾಕಿ ಒಂದು ರಾತ್ರಿ ನೆನೆಸಿ ದಪ್ಪ ಬಟ್ಟೆಯಲ್ಲಿ ತಿಕ್ಕಿ, ಬಂದಷ್ಟು ಬರಲಿ. ಮರದ ಹಿಡಿಗೆ ಅಗಸೆ ಎಣ್ಣೆ ಹಚ್ಚುವವರು ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹಿಡಿಯುವಂಥದ್ದು. ಹರವಿ ಒಣಗಿಸಿ.

ನನಗೆ ನಿಜವಾಗಿ ಸಿಟ್ಟು ಬರುವುದು ಚುನಾವಣೆಯ ಸಮಯ. ಕೋವಿಯನ್ನು ಠಾಣೆಯಲ್ಲಿಡಿ ಅನ್ನುತ್ತಾರೆ, ಇಡುತ್ತೇವೆ. ಮತದಾನ ಮುಗಿದು, ಎಣಿಕೆ ಮುಗಿದು, ವಾಪಸು ಸಿಗುವಾಗ ಮಳೆ ಹಿಡಿದಿರುತ್ತದೆ. 2024ರಲ್ಲಿ ಎಣಿಕೆಯೇ ಜೂನ್ 4ಕ್ಕೆ. ನಮ್ಮ ಕೋವಿ ಸಿಮೆಂಟು ಗೋಡೆಗೆ ಒರಗಿ ನಿಂತು ಬಂದದ್ದು, ಗೋಡೆ ತಾಗಿದ ಕಡೆ ಉದ್ದಕ್ಕೂ ಕೆಂಪು ಗೆರೆ. ಕೇಳಿದರೆ "ನಾವು ಎಣ್ಣೆ ಹಚ್ಚಿಕೊಂಡು ಕೂರಬೇಕಾ?" ಅಂದರು. ಬೇಡ, ಹಚ್ಚಿಯೇ ಕೊಡುತ್ತೇವೆ. ಒಣ ಜಾಗದಲ್ಲಿ ಮರದ ಪಟ್ಟಿಯ ಮೇಲೆ ಇಡಿ, ರಶೀದಿಯಲ್ಲಿ ಕೋವಿಯ ಸ್ಥಿತಿ ಬರೆದು ಕೊಡಿ ಅಂತ ಕೇಳುವುದು ತಪ್ಪಾ? ಮುಂದಿನ ಸಲ ಇಡುವಾಗ ಮಂದ ಎಣ್ಣೆ ಹಚ್ಚಿ, ಮೊಬೈಲಿನಲ್ಲಿ ಎರಡೂ ಕಡೆಯ ಫೋಟೋ ತೆಗೆದು, ಆಮೇಲೆ ಕಳಿಸಿ. ವಾಪಸು ಬಂದ ದಿನವೇ ಒರೆಸಿ, ನಾಳೆ ಅನ್ನಬೇಡಿ.

ಒರೆಸುವಾಗ ಲೈಸೆನ್ಸ್ ಇರುವವರು ಎದುರಿಗೇ ಇರಬೇಕು, ಕಾನೂನಿಗೂ ಅದೇ ಸರಿ. ಮೊದಲು ಅವರೇ ಮುರಿದು ತೋರಿಸಲಿ, ನೀವೂ ಒಳಗೆ ಬೆಳಕು ಕಾಣುತ್ತದಾ ಅಂತ ನೋಡಿ. "ಖಾಲಿ ಉಂಟು" ಅಂದ ಬಾಯಿಮಾತಿಗೆ ಕೈ ಹಾಕಬೇಡಿ. ಕೊನೆಗೆ ಬೆರಳ ಗುರುತು ಒರೆಸಿಯೇ ಇಡಿ, ಬೆವರಿನಲ್ಲೂ ಉಪ್ಪುಂಟು. ಎಣ್ಣೆ ಬಾಟಲಿಗೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿ ಅಡುಗೆಮನೆಯಿಂದ ಹೊರಗೆ ಇಡಿ. ದೊಡ್ಡತ್ತೆಯ ಮನೆಗೆ ಒಂದು ಬಾಟಲಿ ನಾನೇ ತಂದಿಟ್ಟಿದ್ದೇನೆ, ಬರುವ ಶುಕ್ರವಾರ ಆ ಕಡೆ ಹೋಗುವವರು ಯಾರಾದರೂ ಇದ್ದರೆ ಹೇಳಿ.