ಕುದುರೆಯ ಕಿವಿ ನೋಡಿ, ಆಮೇಲೆ ಬಟನ್ ಒತ್ತಿ

ಗುಬ್ಬಿಯ ಆರನೇ ತರಗತಿ ಹುಡುಗಿ ಕೇಳಿದ್ದಾಳೆ: ‘ಕುದುರೆ ಫೋಟೊ ತೆಗೆದರೆ ತಲೆ ಬುಟ್ಟಿಯಷ್ಟು, ಕಾಲು ಕಡ್ಡಿಯಷ್ಟು ಬರುತ್ತದೆ. ಯಾಕೆ?’

ಮುಖದ ಹತ್ತಿರವೇ ಹೋಗಿ ಮೊಬೈಲ್ ಹಿಡಿದಿರುತ್ತೀಯ, ಪುಟ್ಟಿ! ಹತ್ತಿರದ್ದು ಉಬ್ಬುತ್ತದೆ, ದೂರದ್ದು ಕುಗ್ಗುತ್ತದೆ. ಹತ್ತು ಹದಿನೈದು ಹೆಜ್ಜೆ ಹಿಂದೆ ಸರಿದು, ಪಕ್ಕದಿಂದ, ಕುದುರೆಯ ಭುಜದ ಎತ್ತರಕ್ಕೆ ಕ್ಯಾಮೆರಾ ಹಿಡಿ. ಮಕ್ಕಳ ಎತ್ತರ ಇದಕ್ಕೆ ಹೇಳಿ ಮಾಡಿಸಿದ್ದು. ಅಜ್ಜಂದಿರು ಸ್ವಲ್ಪ ಬಗ್ಗಬೇಕು, ಸೊಂಟ ಒಪ್ಪಿದರೆ.

ಕುದುರೆಯ ಮನಸ್ಸು ಅದರ ಕಿವಿಯಲ್ಲಿದೆ. ಮುಂದಕ್ಕೆ ನಿಮಿರಿದ್ದರೆ ಕುತೂಹಲ. ಹಿಂದಕ್ಕೆ ತಲೆಗೆ ಅಂಟಿದ್ದರೆ ಸಿಟ್ಟು. ಆಗ ಫೋಟೊ ಬೇಡ, ಹತ್ತಿರವೂ ಬೇಡ. ಸವಾರ ಕೂತಾಗ ಒಂದು ಕಿವಿ ಮೆಲ್ಲಗೆ ಹಿಂದೆ ತಿರುಗಿದ್ದರೆ ಸವಾರನ ಮಾತು ಕೇಳುತ್ತಿದೆ ಎಂದರ್ಥ. ಅದು ಒಳ್ಳೆಯ ಫೋಟೊ.

ಡ್ರೆಸಾಜ್ ಎಂಬ ಆಟದಲ್ಲಿ ಈ ಕೇಳುವಿಕೆಯೇ ಎಲ್ಲ. ಸವಾರರ ಸಣ್ಣ ಸನ್ನೆಗೆ ಕುದುರೆ ಕುಣಿದಂತೆ ಹೆಜ್ಜೆ ಹಾಕುತ್ತದೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಇದರಲ್ಲಿ ಚಿನ್ನ ಗೆದ್ದಿತು. ಟ್ರಾಟ್ ನಡೆಯಲ್ಲಿ ಮುಂದಿನ ಒಂದು ಕಾಲು, ಅದರ ಎದುರು ಮೂಲೆಯ ಹಿಂದಿನ ಕಾಲು ಒಟ್ಟಿಗೆ ಏಳುತ್ತವೆ. ಟಕ್‌–ಟಕ್ ಎಂದು ಎಣಿಸಿ, ಮುಂಗಾಲು ಪೂರ್ತಿ ಏಳುವ ಒಂದು ಚಣ ಮೊದಲೇ ಬಟನ್ ಒತ್ತಬೇಕು. ಕಣ್ಣು ಕಂಡ ಮೇಲೆ ಒತ್ತಿದರೆ ತಡವಾಯಿತು.

ಕಣ್ಣಿಗೆ ಸಿಗದ್ದು ಕ್ಯಾಮೆರಾಗೆ ಸಿಕ್ಕಿದ್ದೂ ಕುದುರೆಯಿಂದಲೇ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬಾತ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯನ್ನು ಹಿಡಿದ. ನಾಲ್ಕೂ ಗೊರಸು ಗಾಳಿಯಲ್ಲಿದ್ದವು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿರಲಿಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಿದ್ದವು!

ನಮ್ಮ ಜಿಲ್ಲೆಗೆ ಕುದುರೆ ಹೊಸದಲ್ಲ. ಕುಣಿಗಲ್ ಸ್ಟಡ್ ಫಾರ್ಮ್ ಹೆಸರು ಟಿಪ್ಪು ಕಾಲದವರೆಗೂ ಹೋಗುತ್ತದೆ. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಅಜ್ಜ ಅಜ್ಜಿಯರನ್ನು ಕೇಳಿ ನೋಡಿ.

ಇನ್ನೊಂದು ಮಾತು. ಕುದುರೆಗೆ ಕಣ್ಣು ಪಕ್ಕದಲ್ಲಿವೆ, ಬಾಲದ ನೇರ ಹಿಂದೆ ನಿಂತವರು ಅದಕ್ಕೆ ಕಾಣುವುದಿಲ್ಲ. ಅಲ್ಲಿ ನಿಂತರೆ ಒದೆ ಖಂಡಿತ ಎನ್ನಲಾರೆ, ಆದರೆ ಬಿದ್ದರೆ ಒಂದೇ ಸಾಕು. ಫ್ಲ್ಯಾಶ್ ಹಾಕಲೇಬೇಡಿ. ಕುದುರೆ ಬೆದರಿದರೆ ಬೀಳುವುದು ಮೇಲೆ ಕೂತವರು. ಯಜಮಾನರನ್ನು ಕೇಳಿಯೇ ಹತ್ತಿರ ಹೋಗಿ, ಜೊತೆಗೆ ದೊಡ್ಡವರಿರಲಿ.

ಓಡುವ ಕುದುರೆ ಸಿಗದಿದ್ದರೆ ಈ ವಾರ ಮನೆಯ ಕರುವನ್ನೋ ಬೀದಿಯ ನಾಯಿಯನ್ನೋ ಪಕ್ಕದಿಂದ ತೆಗೆದು ನೋಡಿ. ನಾಲ್ಕೂ ಕಾಲು ನೆಲ ಬಿಟ್ಟ ಫೋಟೊ ಸಿಕ್ಕಿದವರು ನಮಗೆ ಕಳುಹಿಸಿ.