ತಂತಿಹುಳುವಿನ ಲೆಕ್ಕ

ಮಗುಚಿ ಬಿದ್ದ ಕೀಟಗಳು ಕಾಲು ಬಡಿದು ಬಡಿದು ಸೋಲುವುದನ್ನು ಕಂಡವರಿಗೆ, ಯುರೋಪಿನ ಹುಲ್ಲುಗಾವಲುಗಳಲ್ಲಿ ವಾಸಿಸುವ ಅಗ್ರಿಯೋಟಿಸ್ ಲಿನಿಯೇಟಸ್ ಎಂಬ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಂದು ಜೀರುಂಡೆಯ ಉಪಾಯ ವಿಸ್ಮಯವನ್ನುಂಟುಮಾಡದಿರದು: ಎದೆಯಡಿಯ ಮುಳ್ಳನ್ನು ಅದರ ಹಿಂದಿರುವ ಕುಳಿಯ ಅಂಚಿಗೆ ಆನಿಸಿ, ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ಮುಳ್ಳು ಥಟ್ಟನೆ ಜಾರಿದೊಡನೆ ‘ಟಿಕ್’ ಎಂದು ಮೇಲಕ್ಕೆ ಚಿಮ್ಮುತ್ತದೆ. ಇಂತಹ ಚಮತ್ಕಾರದ ಪ್ರಾಣಿಯನ್ನು ರೈತನು ಶಪಿಸುವುದು ಅದರ ಮರಿಯ ದೆಸೆಯಿಂದ. ಹೊಂಬಣ್ಣದ, ತಂತಿಯ ತುಂಡಿನಂತೆ ಬಿರುಸಾದ, ಬೆರಳುಗಳ ನಡುವೆ ಹಿಸುಕಿದರೂ ಸುಲಭವಾಗಿ ಜಜ್ಜದ ಈ ತಂತಿಹುಳು ನಾಲ್ಕೈದು ವರ್ಷ ನೆಲದೊಳಗೇ ಇದ್ದು ಬೇರು ತಿನ್ನುತ್ತದೆ. ಆಲೂಗಡ್ಡೆ ದೊರೆತರಂತೂ ದಬ್ಬಣದಿಂದ ಚುಚ್ಚಿದಂತೆ ಕೊರೆದುಬಿಡುತ್ತದೆ.

ಆದರೆ ಈ ವೈರವನ್ನು ಹುಟ್ಟಿಸಿದವರು ಯಾರು? 1939ರಲ್ಲಿ ಯುದ್ಧವು ತಲೆದೋರಿ, ಹಡಗಿನಲ್ಲಿ ಬರುವ ಧಾನ್ಯ ನಿಂತೀತೆಂಬ ಭಯದಿಂದ ಬ್ರಿಟನ್ ತನ್ನ ಹಳೆಯ ಹುಲ್ಲುಗಾವಲುಗಳನ್ನು ಉಳತೊಡಗಿದಾಗ, ಅದುವರೆಗೆ ಹುಲ್ಲಿನ ಬೇರುಗಳ ಸಮೃದ್ಧಿಯಲ್ಲಿ ಯಾರ ಗಮನಕ್ಕೂ ಬಾರದೆ ಬಾಳಿದ್ದ ಹುಳುಗಳಿಗೆ ಆಹಾರವಾಗಿ ಉಳಿದುದು ಬಿತ್ತಿದ ಪೈರು ಮಾತ್ರ. ಹಾನಿಯು ಉಗ್ರವಾಗುತ್ತಿದ್ದುದೂ, ಮಗುಚಿದ ಹುಲ್ಲು ಮಣ್ಣಿನಲ್ಲಿ ಕೊಳೆತು ಮುಗಿದು, ಗೆದ್ದೆನೆಂದು ರೈತನು ನಿಟ್ಟುಸಿರುಬಿಟ್ಟ ಎರಡನೆಯ ವರ್ಷದಲ್ಲಿ.

ಆ ಸಂಕಟದಲ್ಲಿಯೂ ಅಲ್ಲಿನ ಕೃಷಿತಜ್ಞರು ಧೃತಿಗೆಡದೆ ಹೊಲಹೊಲದ ಮಣ್ಣನ್ನು ಕೊರೆದು ತೆಗೆದು, ಜಾಲಾಡಿ, ಹುಳುಗಳನ್ನು ಎಣಿಸಿ, ಎಕರೆಗೆ ಇಷ್ಟೆಂದು ಅಂದಾಜು ಕಟ್ಟಿ (ಕೆಲವೆಡೆ ಅದು ಹತ್ತು ಲಕ್ಷವನ್ನೂ ಮೀರುತ್ತಿತ್ತು), ಹುಳು ಹೆಚ್ಚಿರುವಲ್ಲಿ ಆಲೂಗಡ್ಡೆ ಬೇಡ, ಬಟಾಣಿಯನ್ನೋ ಅಗಸೆಯನ್ನೋ ಬಿತ್ತಿರೆಂದು ಸಲಹೆ ಕೊಟ್ಟರು. ಕೀರ್ತಿ ತರುವ ಕೆಲಸವೇನಲ್ಲ, ಕೆಸರಿನ ಕೆಲಸ. ನನ್ನ ಮಟ್ಟಿಗೆ ವಿಜ್ಞಾನದ ಘನತೆ ಕಾಣುವುದು ಇಂತಹ ಕಡೆಯೇ.

ಯುದ್ಧ ಮುಗಿಯುವ ವೇಳೆಗೆ ಬಿ.ಎಚ್.ಸಿ. ಎಂಬ ಕೀಟನಾಶಕ ಪುಡಿ ಬಂದಿತು; ಎಣಿಸುವ ಸಹನೆ ಹೋಯಿತು. ಆ ಪುಡಿ ಬಿದ್ದ ನೆಲದ ಆಲೂಗಡ್ಡೆಗೆ ಮುಗ್ಗಲು ರುಚಿ ಹತ್ತುತ್ತಿದ್ದುದನ್ನು ಆ ಕಾಲದವರೇ ಕಂಡುಕೊಂಡರೂ ಅದರ ಓಟ ನಿಲ್ಲಲಿಲ್ಲ. ನಮ್ಮ ಹಳ್ಳಿಗಳಲ್ಲಿಯೂ ಅದನ್ನು ಬರಿಗೈಯಿಂದ, ಬೂದಿ ಎರಚಿದಂತೆ ಎರಚುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಭಾರತ ಅದನ್ನು ನಿಷೇಧಿಸಿದ್ದು 1997ರಲ್ಲಿ. ಇಂದು ಬೇರೆ ಹೆಸರಿನ ಹರಳುಗಳು ಅದೇ ಅವಸರದಿಂದ ನಮ್ಮ ನೆಲ ಸೇರುತ್ತಿವೆ. ಮಣ್ಣಿಗೆ ವಿಷ ಹಾಕಿರೆಂದು ಹೇಳುವವರನ್ನು, ಒಂದು ಗುದ್ದಲಿ ಮಣ್ಣನ್ನು ಅಗೆದು ಹುಳುವೆಷ್ಟೆಂದು ಎಣಿಸಿದಿರಾ ಎಂದು ರೈತರು ಮೊದಲು ಕೇಳಲಿ.